ಹಿಂಬರಹ ಕೈಗೆ ಬಂದ ಮೇಲೆ

ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಬಾರಿ ಕೊಡಗಿನಿಂದ ಬಂದ ಮೂರು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದು ತೋಟದ ಲೈನ್ ಮನೆಯದು (ಕಾರ್ಮಿಕರ ಸಾಲುಮನೆ), ಇನ್ನೊಂದು ನಿವೃತ್ತ ಸೈನಿಕರದು, ಮತ್ತೊಂದು 2018ರ ಭೂಕುಸಿತದಲ್ಲಿ ಮನೆ ಕಳೆದುಕೊಂಡವರದು. ಸರ್ಕಾರ ಕೊಡಬೇಕಾದುದನ್ನು ಕೊಡುವುದಿಲ್ಲ ಎಂದಾಗ ನ್ಯಾಯಾಲಯ ಏನು ಮಾಡಬಲ್ಲದು ಎಂದು ಮೂವರೂ ಕೇಳಿದ್ದಾರೆ. ಪತ್ರಗಳನ್ನು ಸಂಕ್ಷೇಪಿಸಿದ್ದೇನೆ.

ಪ್ರಶ್ನೆ: ನಾನು ಸುಂಟಿಕೊಪ್ಪ ಸಮೀಪದ ಕಾಫಿ ತೋಟವೊಂದರಲ್ಲಿ ರೈಟರ್ (ಗುಮಾಸ್ತ) ಆಗಿದ್ದೇನೆ. ನಮ್ಮ ಲೈನ್ ಮನೆಯಲ್ಲಿರುವ ಕಾರ್ಮಿಕ ಮಹಿಳೆಯೊಬ್ಬರ ಪತಿ ಮೂರು ವರ್ಷಗಳ ಹಿಂದೆ ತೀರಿಕೊಂಡರು. ವಿಧವಾ ವೇತನಕ್ಕೆ ಎರಡು ಬಾರಿ ಅರ್ಜಿ ಕೊಟ್ಟೆವು. ಮರಣ ಪತ್ರದಲ್ಲಿ ಪತಿಯ ಹೆಸರು ಒಂದು ರೀತಿ, ಪಡಿತರ ಚೀಟಿಯಲ್ಲಿ ಇನ್ನೊಂದು ರೀತಿ ಇದೆ ಎಂದು ಮೊದಲ ಬಾರಿ ಬಾಯಿಮಾತಿನಲ್ಲೇ ಹೇಳಿ ಕಳುಹಿಸಿದರು. ಎರಡನೆಯ ಬಾರಿ ‘ವಾಸಸ್ಥಳ ದೃಢಪಟ್ಟಿಲ್ಲ, ಅರ್ಜಿಯನ್ನು ತಿರಸ್ಕರಿಸಲಾಗಿದೆ’ ಎಂಬ ಒಂದು ಸಾಲಿನ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬಂದಿದೆ. ಹೈಕೋರ್ಟಿಗೆ ಹೋದರೆ ಪಿಂಚಣಿ ಕೊಡಿಸುತ್ತಾರೆಯೇ? ಬೆಂಗಳೂರಿಗೆ ಓಡಾಡುವ ಶಕ್ತಿ ಆಕೆಗಿಲ್ಲ.

ಉತ್ತರ: ಮೊದಲಿಗೆ, ಆ ಒಂದು ಸಾಲಿನ ಹಿಂಬರಹವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅದು ಬಂದದ್ದು ಆಕೆಗೆ ಆದ ನಷ್ಟ ಎಂದು ನೀವು ಭಾವಿಸಿದ್ದೀರಿ. ನನ್ನ ದೃಷ್ಟಿಯಲ್ಲಿ ಮೊದಲ ಬಾರಿ ಬಾಯಿಮಾತಿನಲ್ಲಿ ಕಳುಹಿಸಿದ್ದೇ ದೊಡ್ಡ ನಷ್ಟ. ಬಾಯಿಮಾತಿನ ನಿರಾಕರಣೆಯನ್ನು ಯಾವ ಮೇಲಧಿಕಾರಿಯ ಮುಂದೆಯೂ, ಯಾವ ನ್ಯಾಯಾಲಯದ ಮುಂದೆಯೂ ಇಟ್ಟು ‘ಇದು ತಪ್ಪು’ ಎಂದು ತೋರಿಸುವುದು ಕಷ್ಟ. ಬರಹದಲ್ಲಿ ಬಂದದ್ದನ್ನು ತೋರಿಸಬಹುದು, ಪ್ರಶ್ನಿಸಬಹುದು, ರದ್ದುಪಡಿಸಬಹುದು.

ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಹೈಕೋರ್ಟ್ ಸಾಮಾನ್ಯವಾಗಿ ತಾನೇ ಪಿಂಚಣಿ ಮಂಜೂರು ಮಾಡುವುದಿಲ್ಲ. ಸಂವಿಧಾನದ 226ನೇ ವಿಧಿಯ ಅಡಿಯಲ್ಲಿ ಸಲ್ಲಿಸುವ ರಿಟ್ ಅರ್ಜಿಯಲ್ಲಿ ನ್ಯಾಯಾಲಯ ಕೇಳುವುದು ‘ಈಕೆ ಬಡವಳೇ’ ಎಂದಲ್ಲ, ‘ಈ ಅಧಿಕಾರಿ ಈ ತೀರ್ಮಾನಕ್ಕೆ ಬಂದ ಬಗೆ ಸರಿಯೇ’ ಎಂದು. ಅರ್ಜಿದಾರರ ಮಾತು ಕೇಳಿದರೇ, ಕೊಟ್ಟ ದಾಖಲೆಗಳನ್ನು ನೋಡಿದರೇ, ಯೋಜನೆಯ ನಿಯಮದಲ್ಲಿ ಇಲ್ಲದ ಷರತ್ತನ್ನು ಹಾಕಿದರೇ, ಕಾರಣ ಕೊಟ್ಟರೇ ಎಂಬುವು ಅಲ್ಲಿ ಮುಖ್ಯ. ತಪ್ಪು ಕಂಡರೆ ಹಿಂಬರಹವನ್ನು ರದ್ದುಪಡಿಸಿ, ಇಂತಿಷ್ಟು ವಾರಗಳಲ್ಲಿ ಹೊಸದಾಗಿ ತೀರ್ಮಾನಿಸಿ ಎಂದು ಕಡತವನ್ನು ಅದೇ ಕಚೇರಿಗೆ ಹಿಂದಿರುಗಿಸುತ್ತದೆ. ಇದನ್ನು ಕೇಳಿ ಅನೇಕರು ನಿರಾಶರಾಗುತ್ತಾರೆ. ಆದರೆ ಎರಡನೆಯ ಬಾರಿ ಆ ಕಡತವನ್ನು ತೆರೆಯುವ ಅಧಿಕಾರಿಯ ಮೇಜಿನ ಮೇಲೆ ನ್ಯಾಯಾಲಯದ ಆದೇಶ ಇರುತ್ತದೆ ಎಂಬುದು ಸಣ್ಣ ಸಂಗತಿಯಲ್ಲ.

ವಿಧವಾ ವೇತನ ಸರ್ಕಾರದ ಯೋಜನೆ, ಸರ್ಕಾರದ ಕೃಪೆ, ಅದನ್ನು ಪ್ರಶ್ನಿಸುವ ಹಕ್ಕು ಯಾರಿಗೂ ಇಲ್ಲ ಎಂದು ಕೆಲವರು ಹೇಳುವುದುಂಟು. ಇದು ಸರಿಯಲ್ಲ. ವೃದ್ಧಾಪ್ಯ, ಕಾಯಿಲೆ, ಅಂಗವೈಕಲ್ಯ ಮತ್ತು ಇಂಥ ಬೇರೆ ಸಂಕಷ್ಟಗಳಲ್ಲಿ ಸಾರ್ವಜನಿಕ ನೆರವು ದೊರಕಿಸಬೇಕೆಂದು ಸಂವಿಧಾನದ 41ನೇ ವಿಧಿ ರಾಜ್ಯಕ್ಕೆ ನಿರ್ದೇಶಿಸುತ್ತದೆ. ಆ ವಿಧಿಯನ್ನೇ ಹಿಡಿದು ಹಣ ಕೊಡಿಸಿ ಎಂದು ಕೇಳಲಾಗದು ಎಂಬುದು ನಿಜ. ಆದರೆ ಒಮ್ಮೆ ಯೋಜನೆ ಮಾಡಿ ಅರ್ಹತೆಯನ್ನು ಗೊತ್ತುಪಡಿಸಿದ ಮೇಲೆ, ಒಬ್ಬರಿಗೆ ಕೊಟ್ಟು ಅದೇ ಸ್ಥಿತಿಯ ಇನ್ನೊಬ್ಬರಿಗೆ ಮನಬಂದಂತೆ ನಿರಾಕರಿಸುವುದನ್ನು ಸಮಾನತೆಯ 14ನೇ ವಿಧಿ ಒಪ್ಪುವುದಿಲ್ಲ.

ಇನ್ನು ಆ ಒಂದು ಸಾಲಿನ ವಿಚಾರ. ಅಧಿಕಾರಿಯ ಆದೇಶ ಸರಿಯೋ ತಪ್ಪೋ ಎಂಬುದನ್ನು ಆ ಆದೇಶದಲ್ಲಿ ಬರೆದಿರುವ ಕಾರಣಗಳಿಂದಲೇ ಅಳೆಯಬೇಕು, ಮುಂದೆ ನ್ಯಾಯಾಲಯದಲ್ಲಿ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಿ ಹೊಸ ಕಾರಣಗಳನ್ನು ಅದಕ್ಕೆ ಸೇರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ 1977ರಷ್ಟು ಹಿಂದೆಯೇ ಹೇಳಿದೆ. ಆದುದರಿಂದ ಕಚೇರಿಯವರು ಈಗ ‘ಹೆಸರೂ ಹೊಂದುವುದಿಲ್ಲ’ ಎಂದು ಮೊದಲಿನ ಮಾತನ್ನು ಎತ್ತಿದರೆ ಅದಕ್ಕೆ ಹೆಚ್ಚು ಬೆಲೆಯಿಲ್ಲ. ಹಿಂಬರಹದಲ್ಲಿರುವುದು ವಾಸಸ್ಥಳ ಮಾತ್ರ. ಆದರೂ ಹೆಸರಿನ ತೊಡಕನ್ನು ಈಗಲೇ ಬಿಡಿಸಿಕೊಳ್ಳಿ, ಏಕೆಂದರೆ ಕಡತ ಮರಳಿ ಬಂದಾಗ ಅದೇ ಹೊಸ ಕಾರಣವಾಗಬಾರದು. ಜನನ ಮರಣ ನೋಂದಣಿ ಕಾಯ್ದೆಯ 15ನೇ ಪ್ರಕರಣದಂತೆ ನೋಂದಣಾಧಿಕಾರಿ ನಮೂದಿನಲ್ಲಿರುವ ತಪ್ಪನ್ನು ತಿದ್ದಬಹುದು. ಪತಿಯ ಮತದಾರರ ಚೀಟಿ, ತೋಟದ ಹಾಜರಿ ಪುಸ್ತಕದ ನಕಲು ಇದ್ದರೆ ಜೊತೆಗಿಡಿ.

ವಾಸಸ್ಥಳದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇದು ಕೊಡಗಿನ ಲೈನ್ ಮನೆಗಳ ಹಳೆಯ ಸಂಕಟ. ಮನೆ ತೋಟದ ಮಾಲೀಕರದು. ಕಂದಾಯದ ರಸೀದಿ ಕಾರ್ಮಿಕರ ಹೆಸರಿನಲ್ಲಿ ಇರುವುದಿಲ್ಲ, ವಿದ್ಯುತ್ ಬಿಲ್ಲೂ ಇರುವುದಿಲ್ಲ. ನಾನು ವೃತ್ತಿಗೆ ಬಂದ ಹೊಸದರಲ್ಲಿ ಇಂಥದೇ ಒಂದು ಪ್ರಕರಣದ ಕಡತವನ್ನು ಮಾಹಿತಿ ಹಕ್ಕಿನಲ್ಲಿ ಪಡೆದು ನೋಡಿದ್ದೆ. ಟಿಪ್ಪಣಿ ಹಾಳೆಯಲ್ಲಿ ನೀಲಿ ಶಾಯಿಯ ಎರಡು ಸಾಲುಗಳಿದ್ದವು: ‘ಸ್ಥಳ ತನಿಖೆ ಮಾಡಿದೆ. ಅರ್ಜಿದಾರರು ಮನೆಯಲ್ಲಿ ಇರುವುದಿಲ್ಲ.’ ಕೆಳಗೆ ಜನವರಿಯ ಒಂದು ದಿನಾಂಕ, ಬೆಳಗಿನ ಹನ್ನೊಂದು ಗಂಟೆ. ಜನವರಿಯಲ್ಲಿ ಬೆಳಗಿನ ಹನ್ನೊಂದು ಗಂಟೆಗೆ ಕೊಡಗಿನ ಯಾವ ತೋಟದ ಕೆಲಸದವಳು ಮನೆಯಲ್ಲಿರುತ್ತಾಳೆ? ಆಕೆ ಕೂಗಳತೆಯ ದೂರದಲ್ಲಿ ಕಾಫಿ ಕುಯ್ಯುತ್ತಿದ್ದಳು. ಅದೇ ದಿನದ ಹಾಜರಿ ಪುಸ್ತಕದಲ್ಲಿ ಆಕೆ ಕುಯ್ದ ಕಾಫಿಯ ತೂಕ ದಾಖಲಾಗಿತ್ತು. ಆ ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಮೇಲ್ಮನವಿ ಸಲ್ಲಿಸಿದೆವು. ಪ್ರಕರಣ ಹೈಕೋರ್ಟಿನವರೆಗೆ ಹೋಗಲೇ ಇಲ್ಲ.

ಆದುದರಿಂದ ನೀವು ಮಾಡಬೇಕಾದ ಮೊದಲ ಕೆಲಸ ಕಡತದ ನಕಲು ಪಡೆಯುವುದು. 2005ರ ಮಾಹಿತಿ ಹಕ್ಕು ಕಾಯ್ದೆಯ ಅರ್ಜಿಗೆ 10 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಮೂವತ್ತು ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳ ಒಳಗಿರಬೇಕು, ಆದುದರಿಂದ ಆಕೆಯ ಕಷ್ಟಗಳನ್ನು ಅದರಲ್ಲಿ ಬರೆಯಬೇಡಿ. ಟಿಪ್ಪಣಿ ಹಾಳೆ ಮತ್ತು ಸ್ಥಳ ತನಿಖಾ ವರದಿ ಸೇರಿದಂತೆ ಇಡೀ ಕಡತದ ದೃಢೀಕೃತ ನಕಲು ಬೇಕು ಎಂದಷ್ಟೇ ಕೇಳಿ. ಎರಡನೆಯದು ಮೇಲ್ಮನವಿ. ತಹಶೀಲ್ದಾರರ ಹಿಂಬರಹದ ವಿರುದ್ಧ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಿ. ಅಲ್ಲಿಗೆ ಹೋಗದೆ ನೇರವಾಗಿ ಹೈಕೋರ್ಟಿಗೆ ಹೋದರೆ ‘ಮೊದಲು ಅಲ್ಲಿಗೆ ಹೋಗಿ’ ಎಂದು ಹಿಂದಕ್ಕೆ ಕಳುಹಿಸುವ ಸಾಧ್ಯತೆಯೇ ಹೆಚ್ಚು. ಮಾಲೀಕರಿಂದ ವಾಸದ ಪತ್ರ, ಪಡಿತರ ಚೀಟಿ, ಮಕ್ಕಳ ಶಾಲಾ ದಾಖಲೆ, ಹಾಜರಿ ಪುಸ್ತಕದ ನಕಲು ಎಲ್ಲವನ್ನೂ ಈ ಮೇಲ್ಮನವಿಯ ಜೊತೆಗೇ ಇಡಿ. ರಿಟ್ ಅರ್ಜಿಯ ಹಂತದಲ್ಲಿ ಹೊಸ ದಾಖಲೆ ತಂದರೆ, ‘ಅಧಿಕಾರಿಗೆ ತೋರಿಸದಿದ್ದ ಕಾಗದದ ಆಧಾರದ ಮೇಲೆ ಅವರು ತಪ್ಪು ಮಾಡಿದರೆಂದು ಹೇಗೆ ಹೇಳುವುದು’ ಎಂದು ನ್ಯಾಯಾಧೀಶರು ಕೇಳುತ್ತಾರೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದೇ.

ಬೆಂಗಳೂರಿನ ಓಡಾಟದ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಪ್ರಕರಣದಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ದೊರೆಯುತ್ತದೆ. ಮಡಿಕೇರಿಯಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಆಕೆಯನ್ನು ಒಮ್ಮೆ ಕರೆದುಕೊಂಡು ಹೋಗಿ, ಇಲ್ಲವೇ 15100 ಸಂಖ್ಯೆಗೆ ಕರೆ ಮಾಡಿ. ವಕಾಲತ್ತಿಗೆ ಹೆಬ್ಬೆಟ್ಟು, ಪ್ರಮಾಣಪತ್ರ ಎಲ್ಲವೂ ಇಲ್ಲಿಯೇ ಆಗುತ್ತವೆ. ರಿಟ್ ಅರ್ಜಿಯಲ್ಲಿ ಸಾಮಾನ್ಯವಾಗಿ ಸಾಕ್ಷಿ ವಿಚಾರಣೆ ಇಲ್ಲ, ಆದುದರಿಂದ ಆಕೆ ಬೆಂಗಳೂರಿನಲ್ಲಿ ಹಾಜರಿರಬೇಕಾದ ಅಗತ್ಯ ಬೀಳುವುದಿಲ್ಲ.

ಪ್ರಶ್ನೆ: ನಾನು ಪೊನ್ನಂಪೇಟೆ ತಾಲ್ಲೂಕಿನವನು. 1992ರಲ್ಲಿ ಸೇನೆಗೆ ಸೇರಿ 2016ರಲ್ಲಿ ಹವಾಲ್ದಾರನಾಗಿ ನಿವೃತ್ತನಾದೆ. ಕಾಶ್ಮೀರ ಮತ್ತು ಲಡಾಖಿನಲ್ಲಿ ಹಲವು ವರ್ಷ ಇದ್ದೆ. ಬಿಡುಗಡೆಯ ಸಮಯದ ಮೆಡಿಕಲ್ ಬೋರ್ಡ್ ನನಗೆ ರಕ್ತದೊತ್ತಡ, ಶೇ 30 ಅಂಗವೈಕಲ್ಯ ಎಂದು ಬರೆದು, ಸೇವೆಗೂ ಕಾಯಿಲೆಗೂ ಸಂಬಂಧವಿಲ್ಲ ಎಂದಿತು. ಅಂಗವೈಕಲ್ಯ ಪಿಂಚಣಿ ನಿರಾಕರಿಸಿದರು. ಮೊದಲ ಮೇಲ್ಮನವಿಯೂ 2018ರಲ್ಲಿ ತಿರಸ್ಕೃತವಾಯಿತು. ಅನಂತರ ಮನೆಯವರು ‘ಡಾಕ್ಟರೇ ಬರೆದ ಮೇಲೆ ಕೋರ್ಟು ಏನು ಮಾಡುತ್ತದೆ’ ಎಂದರು, ಸುಮ್ಮನಾದೆ. ಈಗ ಏನಾದರೂ ಸಾಧ್ಯವೇ?

ಉತ್ತರ: ಸಾಧ್ಯ. ಇಷ್ಟು ವರ್ಷ ನೀವು ಸುಮ್ಮನಿದ್ದದ್ದು ನನಗೆ ನಿಜವಾಗಿಯೂ ಬೇಸರ ತಂದಿದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ನಾಡಿನಲ್ಲಿ ಸೇನೆಯಿಂದ ಮರಳಿದವರಿಲ್ಲದ ಊರು ಕಾಣುವುದಿಲ್ಲ. ಆದರೂ ನಿಮ್ಮಂತೆ ತಿರಸ್ಕಾರದ ಪತ್ರವನ್ನು ಟ್ರಂಕಿನ ತಳದಲ್ಲಿಟ್ಟು ಸುಮ್ಮನಾದವರು ನನಗೆ ಮತ್ತೆ ಮತ್ತೆ ಸಿಗುತ್ತಾರೆ.

ವೈದ್ಯರು ಬರೆದ ಮೇಲೆ ನ್ಯಾಯಾಲಯ ಏನು ಮಾಡುತ್ತದೆ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಅವರು ಸಿಗ್ನಲ್ಸ್ ವಿಭಾಗದ ಸಿಪಾಯಿ. 1985ರಲ್ಲಿ ಸೇರಿದವರನ್ನು ಮೂರ್ಛೆರೋಗದ ಕಾರಣಕ್ಕೆ 1994ರಲ್ಲಿ ಶೇ 20 ಅಂಗವೈಕಲ್ಯದೊಂದಿಗೆ ಬಿಡುಗಡೆ ಮಾಡಲಾಯಿತು, ಪಿಂಚಣಿ ನಿರಾಕರಿಸಲಾಯಿತು. ನ್ಯಾಯಾಲಯ ವೈದ್ಯರ ಬದಲಿಗೆ ತಾನು ರೋಗನಿರ್ಣಯ ಮಾಡಲಿಲ್ಲ. ನಿಯಮಗಳನ್ನು ಓದಿ, ವೈದ್ಯಕೀಯ ಮಂಡಳಿ ಆ ನಿಯಮಗಳಂತೆ ನಡೆದುಕೊಂಡಿತೇ ಎಂದು ನೋಡಿತು. ಸೇರುವಾಗಿನ ದಾಖಲೆಯಲ್ಲಿ ಕಾಯಿಲೆಯ ನಮೂದು ಇಲ್ಲದಿದ್ದರೆ ಆ ಸೈನಿಕ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕು, ಮುಂದೆ ವೈದ್ಯಕೀಯ ಕಾರಣದಿಂದ ಬಿಡುಗಡೆಯಾದರೆ ಆ ಆರೋಗ್ಯಹಾನಿ ಸೇವೆಯಿಂದಲೇ ಆಯಿತೆಂದು ಊಹಿಸಬೇಕು, ಹಾಗಲ್ಲ ಎಂದು ತೋರಿಸುವ ಹೊಣೆ ಸೈನಿಕನದಲ್ಲ, ಸಂಶಯ ಉಳಿದರೆ ಅದರ ಲಾಭ ಅವನಿಗೆ ಸಲ್ಲಬೇಕು ಎಂದಿತು. ಸೇರುವಾಗ ಈ ಕಾಯಿಲೆಯನ್ನು ಪತ್ತೆಹಚ್ಚಲು ಸಾಧ್ಯವಿರಲಿಲ್ಲ ಎಂಬುದು ಮಂಡಳಿಯ ಅಭಿಪ್ರಾಯವಾದರೆ, ಅದಕ್ಕೆ ಕಾರಣವನ್ನು ಬರೆದಿರಬೇಕು ಎಂದೂ ಹೇಳಿತು.

ನೀವು ಪತ್ರದ ಜೊತೆ ಕಳುಹಿಸಿದ ಮಂಡಳಿಯ ವರದಿಯ ನಕಲನ್ನು ನಾನು ಭೂತಗನ್ನಡಿ ಹಿಡಿದು ಓದಿದೆ. ಕಾಯಿಲೆ ಮೊದಲು ಕಾಣಿಸಿಕೊಂಡದ್ದು 2009ರಲ್ಲಿ ಎಂದಿದೆ, ಅಂದರೆ ಸೇರಿದ ಹದಿನೇಳು ವರ್ಷಗಳ ಮೇಲೆ. ಸೇವೆಯಿಂದ ಉಂಟಾಯಿತೇ ಎಂಬ ಕಾಲಮಿನಲ್ಲಿ ‘ಇಲ್ಲ’, ಸೇವೆಯಿಂದ ಉಲ್ಬಣಿಸಿತೇ ಎಂಬ ಕಾಲಮಿನಲ್ಲಿ ‘ಇಲ್ಲ’ ಎಂದು ಟೈಪ್ ಮಾಡಿದೆ. ಅದರ ಪಕ್ಕದಲ್ಲಿ ಕಾರಣ ಬರೆಯಲು ಬಿಟ್ಟಿರುವ ಜಾಗದಲ್ಲಿ ಒಂದು ಅಕ್ಷರವೂ ಇಲ್ಲ. ನಿಮ್ಮ ಪ್ರಕರಣ ನಿಂತಿರುವುದು ಆ ಖಾಲಿ ಜಾಗದ ಮೇಲೆ. ಎರಡನೆಯ ಕಾಲಮನ್ನೂ ಮರೆಯಬೇಡಿ: ಕಾಯಿಲೆ ಸೇವೆಯಿಂದಲೇ ಹುಟ್ಟಿರಬೇಕೆಂದೇನೂ ಇಲ್ಲ, ಎತ್ತರದ ಪ್ರದೇಶದ ಚಳಿಯಲ್ಲಿ, ಒತ್ತಡದಲ್ಲಿ ಅದು ಹೆಚ್ಚಾಯಿತೆಂದರೂ ಸಾಕು. ಯಾವ ವರ್ಷ ಎಲ್ಲಿದ್ದಿರಿ ಎಂಬ ಪೋಸ್ಟಿಂಗ್ ವಿವರವನ್ನು ನಿಮ್ಮ ರೆಕಾರ್ಡ್ ಆಫೀಸಿನಿಂದ ತರಿಸಿಕೊಳ್ಳಿ. 2009ರಲ್ಲಿ ನೀವು ಲಡಾಖಿನಲ್ಲಿದ್ದಿರಿ ಎಂದು ಪತ್ರದಲ್ಲಿ ಬರೆದಿದ್ದೀರಿ. ಅದು ನಿಮ್ಮ ಮಾತಾಗಿ ಉಳಿಯದೆ ದಾಖಲೆಯಾಗಿ ಬರಬೇಕು.

ಎದುರಿನ ವಾದವನ್ನೂ ತಿಳಿದಿರಿ. 2019ರ ನರಸಿಂಗ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೇರುವಾಗ ನಮೂದಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಯಾಂತ್ರಿಕವಾಗಿ ಪಿಂಚಣಿ ಕೊಡಲಾಗದು, ಸಾಧಾರಣ ತಪಾಸಣೆಯಲ್ಲಿ ಗೊತ್ತಾಗದ ಮಾನಸಿಕ ಕಾಯಿಲೆಗಳೂ ಇವೆ, ತಜ್ಞ ಮಂಡಳಿಯ ಅಭಿಪ್ರಾಯಕ್ಕೆ ತೂಕ ಕೊಡಬೇಕು ಎಂದಿದೆ. ಅಂದರೆ ಮಂಡಳಿ ಕಾರಣ ಬರೆದಿದ್ದರೆ ಕೆಲಸ ಕಷ್ಟ, ಬರೆಯದಿದ್ದರೆ ಸುಲಭ. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಬಂದಿವೆ. ನೀವು 2016ರಲ್ಲಿ ಹೊರಬಂದವರಾದುದರಿಂದ ನಿಮ್ಮ ಪ್ರಕರಣವನ್ನು ಅವುಗಳಿಂದ ಅಳೆಯುವಂತಿಲ್ಲ.

ಹೋಗಬೇಕಾದ ಜಾಗ ಸಿವಿಲ್ ನ್ಯಾಯಾಲಯವಲ್ಲ, 2007ರ ಕಾಯ್ದೆಯಡಿ ರಚನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಕೊಚ್ಚಿಯ ಪ್ರಾದೇಶಿಕ ಪೀಠದ ವ್ಯಾಪ್ತಿಗೆ ಬರುತ್ತದೆ. ನಿವೃತ್ತರು ತಾವು ವಾಸವಿರುವ ಪ್ರದೇಶದ ಪೀಠದಲ್ಲಿಯೇ ಅರ್ಜಿ ಹಾಕಬಹುದು, ನೀವು ಸೇವೆ ಮಾಡಿದ ಕಡೆಗೆ ಹೋಗಬೇಕಿಲ್ಲ. ಹೈಕೋರ್ಟಿನ ರಿಟ್ ಅಧಿಕಾರಕ್ಕೂ ಈ ನ್ಯಾಯಮಂಡಳಿಯ ಅಧಿಕಾರಕ್ಕೂ ವ್ಯತ್ಯಾಸವಿದೆ: ನ್ಯಾಯಮಂಡಳಿ ಸೇವಾ ದಾಖಲೆಗಳನ್ನೆಲ್ಲ ತರಿಸಿ ವಾಸ್ತವಾಂಶವನ್ನೂ ಪರಿಶೀಲಿಸಬಹುದು, ಬೇಕಾದರೆ ಹೊಸ ಮೆಡಿಕಲ್ ಬೋರ್ಡ್ ನಡೆಸಲು ಆದೇಶಿಸಬಹುದು, ಪಿಂಚಣಿಯನ್ನೂ ನೇರವಾಗಿ ಕೊಡಿಸಬಹುದು. ಅಲ್ಲಿ ಸೋತರೂ ದಾರಿ ಮುಚ್ಚುವುದಿಲ್ಲ. ಆ ಆದೇಶದ ವಿರುದ್ಧ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವುದಕ್ಕೆ ಅಡ್ಡಿಯಿಲ್ಲ ಎಂದು ಪರಶೋತ್ತಮ್ ದಾಸ್ ಪ್ರಕರಣದಲ್ಲಿ 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಈಗ ತಡದ ಪ್ರಶ್ನೆ. ಕಾಯ್ದೆಯ 22ನೇ ಪ್ರಕರಣದಂತೆ ಅಂತಿಮ ಆದೇಶದಿಂದ ಆರು ತಿಂಗಳಲ್ಲಿ ಅರ್ಜಿ ಸಲ್ಲಿಸಬೇಕಿತ್ತು. ಆ ಅವಧಿ ಮೀರಿದೆ. ವಿಳಂಬವನ್ನು ಮನ್ನಿಸಿ ಎಂದು ಬೇರೆ ಅರ್ಜಿ ಕೊಡಬೇಕು. ಪಿಂಚಣಿ ಪ್ರತಿ ತಿಂಗಳೂ ಬರಬೇಕಾದದ್ದು, ಆದುದರಿಂದ ನಿರಾಕರಣೆ ಪ್ರತಿ ತಿಂಗಳೂ ಮುಂದುವರಿಯುವ ತಪ್ಪು ಎಂದು 2008ರ ತರಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಆದರೆ ಅದೇ ತೀರ್ಪು ಹಿಂಬಾಕಿಯನ್ನು ಅರ್ಜಿ ಸಲ್ಲಿಸಿದ ದಿನದಿಂದ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸಿತು. ಅಂದರೆ ಮುಂದಿನ ಪಿಂಚಣಿ ಸಿಗುತ್ತದೆ, ಮೂರು ವರ್ಷದ ಬಾಕಿ ಸಿಗುತ್ತದೆ, ಅದರ ಹಿಂದಿನದು ಹೋದಂತೆಯೇ. ನೀವು ಇನ್ನೂ ಒಂದು ತಿಂಗಳು ಕಾದರೆ ಒಂದು ತಿಂಗಳ ಹಣ ಕಳೆದುಕೊಳ್ಳುತ್ತೀರಿ.

ಅರ್ಜಿಯಲ್ಲಿ ಇನ್ನೊಂದು ಬೇಡಿಕೆಯನ್ನು ಸೇರಿಸಲು ನಿಮ್ಮ ವಕೀಲರಿಗೆ ಹೇಳಿ. ಶೇ 20ರಿಂದ 49ರವರೆಗಿನ ಅಂಗವೈಕಲ್ಯವನ್ನು ಶೇ 50 ಎಂದು ಎಣಿಸುವ ಪದ್ಧತಿಯಿದೆ; ಅವಧಿ ಪೂರೈಸಿ ನಿವೃತ್ತರಾದವರಿಗೂ ಇದು ಸಲ್ಲುತ್ತದೆ ಎಂದು 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಶೇ 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ 30 ದೊರೆಯುತ್ತದೆ. ಕೊನೆಯ ವೇತನ 40,000 ರೂಪಾಯಿ ಎಂದಿಟ್ಟುಕೊಂಡರೆ, ಪೂರ್ಣ ಮೊತ್ತ 12,000. ಶೇ 30ರ ಲೆಕ್ಕದಲ್ಲಿ 3,600, ಶೇ 50ರ ಲೆಕ್ಕದಲ್ಲಿ 6,000. ಕೇಳದೆ ಬಿಟ್ಟರೆ ಈ ವ್ಯತ್ಯಾಸವನ್ನು ಯಾರೂ ತಾವಾಗಿ ಕೊಡುವುದಿಲ್ಲ.

ಪ್ರಶ್ನೆ: 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮಡಿಕೇರಿ ತಾಲ್ಲೂಕಿನ ನಮ್ಮ ಮನೆ ಕುಸಿಯಿತು. ಜಾಗ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ), ಪಹಣಿಯಲ್ಲಿ ಒಕ್ಕದ (ಮನೆತನದ) ಪಟ್ಟೇದಾರರ ಹೆಸರಿದೆ. ಮನೆ ನಿಮ್ಮದೆಂಬುದಕ್ಕೆ ದಾಖಲೆಯಿಲ್ಲ ಎಂದು 2019ರಲ್ಲಿ ಪರಿಹಾರ ನಿರಾಕರಿಸಿದರು. ಅಂದಿನಿಂದ ಪ್ರತಿ ವರ್ಷ ಮನವಿ ಕೊಡುತ್ತಲೇ ಇದ್ದೇನೆ. ಕಳೆದ ತಿಂಗಳು ‘ಹಿಂದಿನ ಹಿಂಬರಹವೇ ಅಂತಿಮ’ ಎಂದು ಪತ್ರ ಬಂತು. ಈಗ ಕೋರ್ಟಿಗೆ ಹೋಗಬಹುದೇ?

ಉತ್ತರ: ನಿಮಗೆ ಸುಳ್ಳು ಭರವಸೆ ಕೊಡಲಾರೆ. ಮೇಲಿನ ಸೈನಿಕರ ಪಿಂಚಣಿ ತಿಂಗಳು ತಿಂಗಳು ಬರುವಂಥದು, ನಿಮ್ಮ ಪರಿಹಾರ ಒಂದೇ ಬಾರಿಯದು. ಅದರ ನಿರಾಕರಣೆಯನ್ನು ಮುಂದುವರಿಯುವ ತಪ್ಪು ಎನ್ನಲಾಗದು. ರಿಟ್ ಅರ್ಜಿಗೆ ಇಷ್ಟೇ ದಿನ ಎಂಬ ಗಡುವು ಇಲ್ಲದಿದ್ದರೂ ಅಸಮಂಜಸ ವಿಳಂಬವನ್ನು ನ್ಯಾಯಾಲಯ ಮನ್ನಿಸುವುದಿಲ್ಲ, ಮತ್ತು ಹಳೆಯ ವಿಷಯದ ಮೇಲೆ ಮತ್ತೆ ಮತ್ತೆ ಮನವಿ ಕೊಟ್ಟು ಅದಕ್ಕೊಂದು ಉತ್ತರ ಪಡೆದ ಮಾತ್ರಕ್ಕೆ ವಿಷಯ ಹೊಸದಾಗುವುದಿಲ್ಲ ಎಂದು 2008ರ ಸಿ. ಜೇಕಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಳೆದ ತಿಂಗಳ ಪತ್ರವನ್ನು ಸರ್ಕಾರಿ ವಕೀಲರು ಹೀಗೆಯೇ ಬಣ್ಣಿಸುತ್ತಾರೆ.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. 2019ರ ಹಿಂಬರಹದ ವಿರುದ್ಧ ಆಗಲೇ ಮೇಲಧಿಕಾರಿಗಳಿಗೆ ನೀವು ಮೇಲ್ಮನವಿ ಸಲ್ಲಿಸಿದ್ದು, ಅದು ಇಂದಿಗೂ ತೀರ್ಮಾನವಾಗದೆ ಉಳಿದಿದ್ದರೆ, ತಡ ನಿಮ್ಮದಲ್ಲ, ಕಚೇರಿಯದು. ಅದನ್ನು ತೀರ್ಮಾನಿಸಿ ಎಂಬ ಆದೇಶ ಕೇಳಬಹುದು. ನಿಮ್ಮ ಪತ್ರದಲ್ಲಿ ಇದು ಸ್ಪಷ್ಟವಿಲ್ಲ, ಆದುದರಿಂದ ಹಳೆಯ ಮನವಿಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿ ನೋಡಿ. ಹೋಗುವುದಾದರೆ ಹೈಕೋರ್ಟಿಗೇ ಹೋಗಬೇಕು: 2005ರ ವಿಪತ್ತು ನಿರ್ವಹಣಾ ಕಾಯ್ದೆಯ 71ನೇ ಪ್ರಕರಣ, ಆ ಕಾಯ್ದೆಯಡಿ ಕೈಗೊಂಡ ಕ್ರಮಗಳ ಬಗ್ಗೆ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟನ್ನು ಬಿಟ್ಟು ಬೇರೆ ನ್ಯಾಯಾಲಯಗಳ ಅಧಿಕಾರವನ್ನು ತಡೆದಿದೆ. ಪ್ರವಾಹ, ಸಾಮೂಹಿಕ ವಿಪತ್ತುಗಳ ಸಂತ್ರಸ್ತರಿಗೂ ಮೇಲೆ ಹೇಳಿದ ಕಾನೂನು ಸೇವೆಗಳ ಕಾಯ್ದೆಯ 12ನೇ ಪ್ರಕರಣದಲ್ಲಿ ಉಚಿತ ವಕೀಲರ ನೆರವಿದೆ.

ನಿಮ್ಮ ವಾದದ ತಿರುಳು ಗಟ್ಟಿಯಾಗಿಯೇ ಇದೆ ಎಂಬುದನ್ನೂ ಹೇಳಬೇಕು. ಜಮ್ಮಾ ಹಿಡುವಳಿಯಲ್ಲಿ ಪಟ್ಟೇದಾರರ ಹೆಸರಿರುವುದು ಒಕ್ಕದ ಪರವಾಗಿ. ಒಕ್ಕದ ಬೇರೆ ಬೇರೆ ಸಂಸಾರಗಳು ತಂತಮ್ಮ ಮನೆ ಕಟ್ಟಿಕೊಂಡು ಅದೇ ಜಾಗದಲ್ಲಿ ಬಾಳುವುದು ಇಲ್ಲಿಯ ಕಂದಾಯ ಅಧಿಕಾರಿಗಳಿಗೆ ತಿಳಿಯದ ವಿಷಯವಲ್ಲ. ಪಹಣಿಯೊಂದನ್ನೇ ನೋಡಿ ಮನೆ ನಿಮ್ಮದಲ್ಲ ಎಂದದ್ದು ಸರಿಯಾದ ಪರಿಶೀಲನೆಯಲ್ಲ. ಪಟ್ಟೇದಾರರಿಂದ ಮತ್ತು ಒಕ್ಕದ ಹಿರಿಯರಿಂದ ಒಪ್ಪಿಗೆಯ ಪ್ರಮಾಣಪತ್ರ, ಪಂಚಾಯಿತಿಯ ಮನೆ ಕಂದಾಯದ ರಸೀದಿ, ಕುಸಿತದ ದಿನದ ಮಹಜರಿನ ನಕಲು, ಹಳೆಯ ವಿದ್ಯುತ್ ಬಿಲ್ಲು ಇವನ್ನು ಸಿದ್ಧಮಾಡಿಕೊಂಡು ಮಡಿಕೇರಿಯ ಪ್ರಾಧಿಕಾರದ ವಕೀಲರನ್ನು ಈ ವಾರವೇ ಕಾಣಿ. ಆಗ ಪರಿಹಾರ ಕೇಂದ್ರದಲ್ಲಿ ನಿಮ್ಮ ಸಂಸಾರಕ್ಕೆ ಕೊಟ್ಟ ನೋಂದಣಿ ಚೀಟಿ ಇನ್ನೂ ಇದೆ ಎಂದು ಬರೆದಿದ್ದೀರಿ. ಅದನ್ನು ಎರಡೂ ಬದಿ ನಕಲು ಮಾಡಿಸಿ. ಮನೆಯ ವಿಳಾಸ ಮುಂದೆ ಇದ್ದರೂ ದಿನಾಂಕ ಮತ್ತು ಮೊಹರು ಹಿಂಬದಿಯಲ್ಲಿರಬಹುದು.